ಎಡಗೈಯ ಗವಸು

ಒದ್ದೆ ಉಣ್ಣೆಯ ವಾಸನೆ, ಯಾರೋ ಟೊಪ್ಪಿಗೆಯನ್ನು ಕೋಣೆ ಕಾಯಿಸುವ ಬಿಸಿಗೊಳವೆಯ ಮೇಲೆ ಒಣಹಾಕಿದ್ದಾರೆ, ಕುರಿಯೇ ಬಂದು ಪಕ್ಕದಲ್ಲಿ ಕೂತ ಹಾಗಿದೆ, ಎದುರಿಗೆ ಗೋಡೆಯಗಲದ ಪರದೆಯ ಮೇಲೆ ಅವಳ ಗವಸು, ನನ್ನ ಹೆಂಡತಿ ಬೋರ್ಗ್‌ಹಿಲ್ಡಳ ಕೆಂಪು ಗವಸು, ಎಡಗೈಯದು, ನಡುವೆ ಬಿಳಿ ನಕ್ಷತ್ರ, ಮಣಿಕಟ್ಟಿನ ಅಂಚಿನಿಂದ ಜೋತುಬಿದ್ದ ನೂಲಿನ ತುದಿ — ನಮ್ಮ ಅಡುಗೆಮನೆಯಲ್ಲಿ ಬೆರಳುದ್ದ ಇದ್ದದ್ದು ಇಲ್ಲಿ ಹಡಗು ಕಟ್ಟುವ ಹಗ್ಗದಷ್ಟು ದಪ್ಪ ಕಾಣುತ್ತದೆ, ಹಗ್ಗದ ತುದಿ ಹಾಗೆ ಬಿಡಬಾರದು, ದೋಣಿಯ ಕೆಲಸಕ್ಕೆ ಸೇರಿದಾಗ ಮೊದಲು ಕಲಿಸಿದ್ದೇ ಅದು, ಬಿಟ್ಟ ತುದಿ ಯಾರದೋ ಕಾಲು ಹಿಡಿದು ನೀರಿಗೆಳೆಯುತ್ತೆ ಕಣೋ ಟೋರ್ಲೈವ್ ಅಂತ, ಆಯುಷ್ಯವೆಲ್ಲ ಈ ಬೆರ್ಗೆನ್ ದಡದಿಂದ ದ್ವೀಪಗಳಿಗೆ ಜನರನ್ನು ಸಾಗಿಸುವ ದೋಣಿಯಲ್ಲಿ ಹಗ್ಗ ಎಸೆದೆ, ಹಿಡಿದೆ, ಸುತ್ತಿಟ್ಟೆ, ಈಗ ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ, ಹೊರಗೆ ಒಲೆಯ ಮೇಲೆ ಇವರಿಗೆಲ್ಲ ಮೀನಿನ ಸಾರು ಕುದಿಯುತ್ತಿದೆ, ಪ್ರತಿ ವರ್ಷದ ಕೂಟಕ್ಕೂ ಸಾರು ನಮ್ಮ ಮನೆಯದೇ, ಮೊದಲು ಅವಳು ಮಾಡುತ್ತಿದ್ದಳು, ನಾನು ಹೊತ್ತು ತರುತ್ತಿದ್ದೆ, ಈಗ ಎರಡೂ ನಾನೇ, ಉಪ್ಪು ಹಾಕಿದೆನೋ ಇಲ್ಲವೋ, ಹಾಕಿದೆ, ಹಾಕಿದೆ. ವೇದಿಕೆಯ ಮೇಲೆ ಯೋರುನ್ ತನ್ನ ನೌಸ್ಟಿನ ವರ್ಷದ ಸುದ್ದಿ ಓದುತ್ತಿದ್ದಾಳೆ, ಯಾವ ಯಾವ ದೇಶದಲ್ಲಿ ಹೊಸ ಅಂಗಡಿಗಳು ತೆರೆದವು, ಪೋಲೆಂಡಿನ ಹೆಂಗಸೊಬ್ಬಳು ಹಣ ಪಾವತಿಯ ಭಾಗವನ್ನು ಪೂರಾ ಹೊಸದಾಗಿ ಬರೆದುಕೊಟ್ಟಳು, ಚಪ್ಪಾಳೆ, ಯಾರೋ ತೀರಿಕೊಂಡರು, ಎಲ್ಲರೂ ಎದ್ದು ನಿಂತೆವು, ಕೂತೆವು, ನನ್ನ ಮೊಣಕಾಲು ಕಟಕಟ ಅಂದಿತು, ಆಮೇಲೆ ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇನ್ನು ಗವಸಿನ ವಿಷಯ ಅಂದಳು, ನನ್ನ ಕಡೆ ನೋಡಲಿಲ್ಲ, ನೋಡಬಾರದು ಅಂತಲೇ ನೋಡಲಿಲ್ಲ, ಗೊತ್ತಾಗುತ್ತದಲ್ಲ.

ಎಳೆ ಹುಡುಗಿ ಆಗ ಯೋರುನ್, ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು, ಈಗ ಅವಳ ತಲೆಯೂ ನರೆತಿದೆ, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಟಕಟಕ ಬಡಿಯುತ್ತಿದ್ದಳು, ಏನೇ ಅದು ಅಂದರೆ, ಅಂಗಡಿ, ಮಾಮ, ಯಾರು ಬೇಕಾದ್ರೂ ಎತ್ಕೊಂಡು ಹೋಗಿ ಅಂತರ್ಜಾಲದಲ್ಲಿ ತಮ್ಮ ಅಂಗಡಿ ಇಟ್ಕೋಬಹುದು, ಬಿಟ್ಟಿ, ಬರೆದಿದ್ದೆಲ್ಲ ಬಯಲಲ್ಲೇ ಇರುತ್ತೆ, ತಿದ್ದೋರು ತಿದ್ದಿ ವಾಪಸ್ ತಂದಿಡ್ತಾರೆ, ನೌಸ್ಟ್ ಅಂತ ಹೆಸರಿಟ್ಟಿದೀನಿ — ನೌಸ್ಟ್ ಅಂದರೆ ನಮ್ಮಲ್ಲಿ ದೋಣಿ ಎಳೆದಿಡುವ ಕೊಟ್ಟಿಗೆ, ಬೀಗ ಹಾಕುವ ರೂಢಿ ಇಲ್ಲ ಅದಕ್ಕೆ — ಹೊಸ ಅಂಗಡಿ ತೆರೆದವರಿಗೆ ಖಾಲಿ ಕಪಾಟು ಕಾಣಬಾರದು, ಮಾದರಿಗೆ ಒಂದು ಸಾಮಾನು ಬೇಕು, ಏನಾದ್ರೂ ಸರಿ, ಅಂತ ಸುತ್ತ ನೋಡಿ ಬೋರ್ಗ್‌ಹಿಲ್ಡಳ ಮಡಿಲಿನಿಂದ ಗವಸನ್ನು ಎಳೆದುಕೊಂಡಳು, ಏ ಏ ಬಿಡೇ, ಅದಿನ್ನೂ ಮುಗಿದಿಲ್ಲ, ತುದಿ ಒಳಗೆ ಹೊಲೀಬೇಕು, ಜೋಡಿನೂ ಆಗಿಲ್ಲ, ಅಯ್ಯೋ ಅತ್ತೆ ಇದು ಬರೀ ಪರೀಕ್ಷೆಗೆ, ನಾಳೆ ಬೇರೆ ಚಿತ್ರ ಹಾಕ್ತೀನಿ, ಕ್ಲಿಕ್ ಅಂತ ಫೋಟೋ ಹೊಡೆದೇಬಿಟ್ಟಳು, ಮೇಣಬಟ್ಟೆಯ ಮೇಲೆ ಗವಸು, ಪಕ್ಕದಲ್ಲಿ ನನ್ನ ಕಾಫಿ ಬಟ್ಟಲಿನ ನೆರಳು. ನಾಳೆ ಬರಲಿಲ್ಲ. ಅಂಗಡಿ ತೆರೆಯುವವರು ಮೊದಲು ಆ ಗವಸನ್ನು ಅಳಿಸಬೇಕು, ಅಳಿಸಲು ಮರೆಯುತ್ತಾರೆ, ಮರೆಯುತ್ತಲೇ ಇದ್ದಾರೆ, ಇಟ್ಟಿಗೆ ಅಂಗಡಿಯಲ್ಲಿ ಇಟ್ಟಿಗೆಗಳ ನಡುವೆ ಗವಸು, ಟೈರುಗಳ ನಡುವೆ ಗವಸು, ಶವಪೆಟ್ಟಿಗೆ ಮಾರುವವನ ಅಂಗಡಿಯಲ್ಲೂ ಇತ್ತಂತೆ, ಬೋರ್ಗ್‌ಹಿಲ್ಡ್ ಹೊಟ್ಟೆ ಹಿಡಿದು ನಕ್ಕಳು, ಸತ್ತವರಿಗೂ ಚಳಿ ಆಗುತ್ತಲ್ಲ ಬಿಡಿ, ಒಂದ್ಸಲ ಐಸ್‌ಲ್ಯಾಂಡಿನ ಮೀನುಗಾರನೊಬ್ಬ ಇಟ್ಟಿಗೆ ಅಂಗಡಿಯವನಿಗೆ ಅದನ್ನೇ ಕೇಳಿ ಬರೆದ, ಅವನ ಬಲಗೈಯನ್ನು ಬಲೆಯ ಯಂತ್ರ ತಿಂದಿತ್ತು, ಎಡಗೈಯ ಗವಸೊಂದನ್ನೇ ಮಾರುವ ಅಂಗಡಿ ಕೊನೆಗೂ ಸಿಕ್ಕಿತು ಅಂತ ಅವನಿಗೆ ಹಿಗ್ಗು, ಇಟ್ಟಿಗೆಯವನು ತಲೆ ಕೆರೆದುಕೊಂಡು ಈ ನೌಸ್ಟಿನವರಿಗೆ ತಿಳಿಸಿದ, ಇವರು ನಮಗೆ, ನನ್ನವಳು ಕೂತು ಹೆಣೆದು ಕಳಿಸಿದಳು, ಆ ಗವಸಿನ ತುದಿಯನ್ನು ಎಷ್ಟು ಒಳಗೆ ಹೊಲಿದಳೆಂದರೆ ಹುಡುಕಿದರೂ ಸಿಗದು, ಬೆಳಕಿಗೆ ಹಿಡಿದು ಹಿಡಿದು ನೋಡಿದಳು — ನನಗೆ ಆಗ ಅದು ಯಾಕೆ ಹೊಳೆಯಲಿಲ್ಲ.

ಬೆಳಿಗ್ಗೆ ಸಾರಿನ ಹಂಡೆ ಇಳಿಸುವಾಗ ವೀಬೆ ಬಂದ, ಡಚ್ಚರವನು, ಉದ್ದ ಕಾಲಿನವನು, ಗವಸಿನ ಚಿತ್ರ ತೆಗೆದು ಬೇರೆ ಇಡೋಣ ಅಂತ ಮಾತು ಎತ್ತಿದವನೇ ಅವನು, ಮಾಮ, ನೀವು ಬೇಡ ಅಂದ್ರೆ ಇಲ್ಲಿಗೇ ಬಿಟ್ಟೆ, ಆಣೆಗೂ, ಗವಸು ಏನು ಮಾಡಿತ್ತಪ್ಪ ನಿನಗೆ, ಅಂದೆ, ಏನೂ ಇಲ್ಲ ಮಾಮ, ಚಿತ್ರ ಮಸುಕು, ಹೊಸ ಪರದೆಗಳ ಮೇಲೆ ಬೂಸ್ಟು ಹಿಡಿದ ರೊಟ್ಟಿ ತರ ಕಾಣುತ್ತೆ, ಒಂಟಿ ಗವಸು ಮಾರೋ ಜನ ಅಂತ ಆಡ್ಕೊಳ್ತಾರೆ, ಅದರ ಬದಲು ಏನಿಡ್ತೀಯ, ಬಿಳಿ ಬಟ್ಟಲು, ಬಟ್ಟಲಾದ್ರೆ ಒಂದೇ ಇದ್ರೂ ನಡೆಯುತ್ತೆ ಅಲ್ವೇನೋ, ಅಂದೆ, ಅವನು ನಗಲೋ ಬೇಡವೋ ಎಂದು ನಿಂತ, ಬೇಕಾದ್ರೆ ಚಿತ್ರದಲ್ಲೇ ಆ ನೂಲು ಅಳಿಸಿಬಿಡ್ತೀನಿ ಮಾಮ, ಗಳಿಗೆಯ ಕೆಲಸ, ಚೊಕ್ಕ ಆಗುತ್ತೆ, ಅಂದ, ಬೇಡ ಅಂದೆ, ಅಳಿಸಿದರೆ ಹೊಲಿದ ಹಾಗಾಗುತ್ತದೆಯೇ, ತುದಿಯನ್ನು ಸೂಜಿಗೆ ಪೋಣಿಸಿ ಒಳಗೆ ತಿರುಗಿಸಬೇಕು, ಅದನ್ನು ಮಾಡುವ ಕೈ ಮಣ್ಣಿನಲ್ಲಿದೆ, ಆ ಗವಸೂ ಸವೆದು, ಬಿಚ್ಚಿ, ಕಾಲುಚೀಲವಾಗಿ, ಅದೂ ಸವೆದು ಹೋಯಿತು, ಉಳಿದಿರುವುದು ಚಿತ್ರ ಒಂದೇ, ಅವಳು ಹೋದ ಮೇಲೆ ಬೆಳಗಿನ ಕಾಫಿಗೆ ಮುಂಚೆ ಫೋನಿನಲ್ಲಿ ಯಾವುದೋ ಊರಿನ ಅಂಗಡಿ ತೆರೆದು ನೋಡುತ್ತೇನೆ, ಓದಲು ಬಾರದ ಅಕ್ಷರ, ನನಗೆ ನಮ್ಮ ಅಕ್ಷರವೇ ಅಷ್ಟಕ್ಕಷ್ಟೆ, ಬೆರಳಲ್ಲಿ ತಳ್ಳುತ್ತ ಹೋದರೆ ಕೆಳಗೆ ಎಲ್ಲೋ ಇರುತ್ತದೆ, ಕೆಂಪಗೆ, ಓ ಇಲ್ಲಿದೀಯಾ, ಅನ್ನುತ್ತೇನೆ, ಅದನ್ನು ತೆಗೆದರೆ ನಾನು ಬೆಳಿಗ್ಗೆ ಯಾರನ್ನು ಮಾತಾಡಿಸಲಿ, ಮರೆತವರೆಲ್ಲ ಒಬ್ಬೊಬ್ಬರಾಗಿ ನೆನಪಾಗಿ ಅಳಿಸುತ್ತಾರೆ, ಹೊಸಬರಿಗೆ ಬಟ್ಟಲು.

ಗವಸು ಹೋದ್ರೆ ನಾನೂ ಹೋಗ್ತೀನಿ, ಬರೆದಿಟ್ಕೊಳ್ಳಿ, ಪೋರ್ಚುಗಲ್ಲಿನ ಗ್ರಾಸಿಂಡಾ ಕೂಗುತ್ತಿದ್ದಾಳೆ, ಹೋದ ವರ್ಷವೂ ಯಾವುದಕ್ಕೋ ಹೀಗೇ ಅಂದು ಎರಡು ಬಟ್ಟಲು ಸಾರು ಕುಡಿದ್ರಲ್ಲ ಅಕ್ಕಾ ಅಂತ ಯಾರೋ, ನಗು, ನಿಮಗೆ ನಗು, ನನ್ನ ಮೊದಲ ಅಂಗಡಿ ತೆರೆದಾಗ ಕಪಾಟಿನಲ್ಲಿ ನನಗೆ ಮೊದಲು ಕಂಡದ್ದು ಅದೇ, ಅಂದಳು ಗ್ರಾಸಿಂಡಾ, ಯೋರುನ್ ಕೈ ತೋರಿಸಿ ಸುಮ್ಮನಿರಿಸಿದಳು, ಗವಸು ಇರಲಿ ಅನ್ನೋರು ಕೈ ಎತ್ತಿ, ಗ್ರಾಸಿಂಡಾಳ ಕೈ, ಅಲ್ಲೊಂದು ಇಲ್ಲೊಂದು, ಉಳಿದವರು ತಿರುಗಿ ನನ್ನನ್ನು ನೋಡುತ್ತಿದ್ದಾರೆ, ಇಡೀ ಸಭೆ, ಮುದುಕ ಎತ್ತಿದರೆ ಎಲ್ಲರೂ ಎತ್ತುತ್ತಾರೆ, ವೀಬೆಯೂ ಎತ್ತುತ್ತಾನೆ, ನನಗೆ ಗೊತ್ತು, ಎತ್ತಬೇಕು ಅಂತಲೇ ಬಂದೆ, ಎಡಗೈ ಮೊಣಕಾಲಿನ ಮೇಲಿದೆ, ಏಳುತ್ತಿಲ್ಲ, ಆ ತುದಿ ಪರದೆಯ ಮೇಲೆ ಜೋತಾಡಿದ ಹಾಗೆ — ಹಿಂದೊಮ್ಮೆ ಹೆಣಿಗೆಯ ಹೆಂಗಸರು ನನ್ನವಳನ್ನು ರೇಗಿಸಿದರು, ಬೋರ್ಗ್‌ಹಿಲ್ಡ್, ನಿನ್ನ ನೂಲಿನ ಬಾಲ ಪ್ರಪಂಚ ಸುತ್ತಿ ಬಂತಂತಲ್ಲೇ, ಹೂಂ, ನಿಮ್ಮದು ಊರು ದಾಟಿಲ್ಲ, ಅಂತ ಅಲ್ಲಿ ನಕ್ಕಳು, ಮನೆಗೆ ಬಂದು ಪೆಟ್ಟಿಗೆ ತೆಗೆದು ಹಳೆಯ ಟೊಪ್ಪಿಗೆ, ಸ್ವೆಟರ್, ಒಂದೊಂದರ ತುದಿಯನ್ನೂ ತಡವಿ ನೋಡಿದಳು, ಏನೇ ಹುಡುಕ್ತೀಯ, ಏನಿಲ್ಲ, ಕೊನೆಯ ಚಳಿಗಾಲ ಯೋರುನ್ ನೋಡಲು ಬಂದಾಗ ದಿಂಬಿಗೊರಗಿ ಅದನ್ನೇ ಕೇಳಿದಳು, ಕಂಡಾಗೆಲ್ಲ ಕೇಳುತ್ತಿದ್ದ ಮಾತು, ನಾಳೆ ಬಂತೇನೇ ಹುಡುಗಿ, ಬೇರೆ ಚಿತ್ರ ಹಾಕೋ ನಾಳೆ, ಮುಂದಿನ ಆವೃತ್ತಿಗೆ ಅತ್ತೆ, ಖಂಡಿತ, ಹಂಗಂದ್ರೆ ಬರಲ್ಲ ಅಂತ, ಅಂದಳು, ಮೂವರೂ ನಕ್ಕೆವು, ನಾನೇ ಜೋರಾಗಿ ನಕ್ಕೆ, ಅವಳ ಬೆರಳು ಹೊದಿಕೆಯ ಅಂಚಿನಲ್ಲಿ ಒಂದು ಸಡಿಲ ಎಳೆಯನ್ನು ಒಳಗೆ ತಳ್ಳುತ್ತಿತ್ತು, ತಳ್ಳುತ್ತಲೇ ಇತ್ತು, ನಗುವಾಗಲೂ. ತೆಗೆಯೋಣ ಅನ್ನೋರು, ಯೋರುನ್‌ಳ ದನಿ, ಈಗ ಮಾತ್ರ ನನ್ನನ್ನೇ ನೋಡುತ್ತಿದ್ದಾಳೆ, ನನ್ನ ತೋಳು ಮೇಲೆ ಹೋಗಿದೆ, ಎಡದ್ದು, ಬರಿಗೈ, ಎಲ್ಲರಿಗಿಂತ ಮೊದಲು, ಗ್ರಾಸಿಂಡಾ ಅಯ್ಯೋ ಮಾಮ ಅಂದಳು, ನಿನ್ನ ನಾಳೆ ಬಂತು ಕಣೇ ನನ್ನವಳೇ, ಬಂತು, ಈಗ ಉಳಿದವರ ಕೈಗಳು, ಯಾರೋ ಎಣಿಸುತ್ತಿದ್ದಾರೆ, ಇಳಿಸಿ ಅಂದರು ಅನಿಸುತ್ತದೆ, ಇಳಿಸಲಾರೆ, ಪರದೆ ಇನ್ನೂ ಆರಿಲ್ಲ, ಕೆಂಪು ಅಂಚು, ಅಂಚಿನಲ್ಲಿ ಆ ತುದಿ, ಹೊಲಿಯದ ತುದಿ, ಆ ತುದಿ