ಹೆಮ್ಮಿಗೆಯ ಕೆನಡಾದವನು

ಹೆಮ್ಮಿಗೆಯ ಶಿವಸ್ವಾಮಿ ನಂಜನಗೂಡಿನ ತಮ್ಮನ ಮನೆಗೆ ಬಂದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಅವತ್ತು ಅಲ್ಲಿ ಅವರೆಕಾಳು ಸಾರು ಎಂದು ಫೋನಿನಲ್ಲಿ ಗೊತ್ತಾಗಿ, ಬೆಳಗಿನ ತಿಂಡಿಯನ್ನೂ ಬಿಟ್ಟು ಬಸ್ಸು ಹತ್ತಿದ್ದ. ನೋಡಿದರೆ ತಮ್ಮನೂ ಅವನ ಹೆಂಡತಿಯೂ ಏನೋ ಅರ್ಜೆಂಟೆಂದು ಬದನವಾಳಿಗೆ ಹೋಗಿದ್ದರು. ಮನೆಯಲ್ಲಿ ಇದ್ದವಳು ಅವರ ಸೊಸೆ ಶಿವಾನಿ ಒಬ್ಬಳೇ. ಹುಟ್ಟಿ ಬೆಳೆದದ್ದು ಕೆನಡಾ, ಪಾಸ್‌ಪೋರ್ಟೂ ಅಲ್ಲಿಯದೇ, ರಜೆಗೆಂದು ಬಂದಿದ್ದಳು. ಕನ್ನಡವೇನೋ ಚೆನ್ನಾಗಿಯೇ ಆಡುತ್ತಾಳೆ.

"ಊಟ ಮಾಡಿ ಮಾವ."

"ಬ್ಯಾಡ ಕಣವ್ವ, ಈಗ್ತಾನೆ ಆಯ್ತು."

ಇದು ಮೊದಲನೇ ಬೇಡ. ಇದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದು ಈ ಕಡೆ ಮೊಲೆ ಕುಡಿಯುವ ಕೂಸಿಗೂ ಗೊತ್ತು. ಮನೆಯವರು 'ಅಯ್ಯೋ, ಒಂದು ತುತ್ತು' ಅನ್ನಬೇಕು, ಬಂದವರು ಇನ್ನೊಮ್ಮೆ ಬೇಡ ಅನ್ನಬೇಕು, ಆಮೇಲೆ ಕೈ ಹಿಡಿದೆಳೆದು ಕೂರಿಸಬೇಕು.

"ಸರಿ ಮಾವ," ಎಂದು ಶಿವಾನಿ ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದಳು.

ಶಿವ ಶಿವಾ, ಸರಿಯಂತೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗೆಂದು ಬಾಯಿಬಿಟ್ಟು ಕೇಳುವುದೇ? ಮನೆಗೆ ಹಿರಿಯನಾದವನ ಮಾನ ಏನಾಗಬೇಕು! ಅಷ್ಟರಲ್ಲಿ ಹೊಟ್ಟೆ ಗುರ್ರೆಂದಿತು.

"ಏನಾಯ್ತು ಮಾವ?"

"ಗ್ಯಾಸು ಕಣವ್ವ."

ಪಾಪ, ಅವಳು ಜೀರಿಗೆ ನೀರು ಕಾಯಿಸಿ ಕೊಟ್ಟಳು. ಅದು ಇದ್ದ ಹಸಿವನ್ನು ಇನ್ನೂ ಕೆರಳಿಸಿತು.

"ಮಾವ, ಮುದ್ದೆ ಸುಮ್ನೆ ಗಟ್ಟಿಯಾಗತ್ತೆ. ಪಕ್ಕದ ಮನೆ ಹಸುವಿಗೆ ಕೊಟ್ಟು ಬರ್ಲಾ?"

ಮುದ್ದೆ ಹೊಸ್ತಿಲವರೆಗೆ ಹೋಗಿಯೇಬಿಟ್ಟಿತು.

"ತಡಿಯವ್ವಾ!" ಶಿವಸ್ವಾಮಿ ಎದ್ದೇಬಿಟ್ಟ. "ನಿಮ್ ಕೆನಡಾದಲ್ಲಿ ಅಸಿದೋನು ಏನಂತಾನೆ?"

"ಹಸಿವಾಗಿದೆ ಅಂತಾನೆ."

"ಅಂಗಾದ್ರೆ ಇವತ್ತೊಂದಿನ ನಾನೂ ಕೆನಡಾದೋನೇ. ಒಟ್ಟೆ ಅಸೀತಾ ಅದೆ, ಬಡ್ಸು!"

ಶಿವಾನಿಗೆ ಅಳುವೇ ಬಂತು. "ಬೇಡ ಅಂದವರನ್ನ ಮತ್ತೆ ಮತ್ತೆ ಕೇಳಿದ್ರೆ ಅಲ್ಲಿ ಬೇಜಾರು ಮಾಡ್ಕೋತಾರೆ ಮಾವ."

"ಇಲ್ಲಿ ಕೇಳ್ದೆ ಇದ್ರೆ ಸತ್ತೇ ಓಯ್ತಾರೆ ಕಣವ್ವ."

ಅವಳು ಕಣ್ಣೊರೆಸಿಕೊಂಡು ನಕ್ಕು ಬಡಿಸಿದಳು. ಎರಡು ಮುದ್ದೆ ಇಳಿದ ಮೇಲೆ ಶಿವಸ್ವಾಮಿಗೆ ಉಸಿರಾಡಲೂ ಜಾಗವಿರಲಿಲ್ಲ. ತಟ್ಟೆಗೆ ಕೈ ಅಡ್ಡ ಹಿಡಿದ.

"ಸಾಕು ಕಣವ್ವ."

"ಅಯ್ಯೋ, ಒಂದು ತುತ್ತು ಮಾವ."

"ಬ್ಯಾಡ ಅಂದ್ರೆ ಬ್ಯಾಡ! ನಾನೀಗ ಕೆನಡಾದೋನು!"

"ನಾನೀಗ ನಂಜನಗೂಡೋಳು," ಎಂದು ಶಿವಾನಿ ಅಡ್ಡ ಬಂದ ಕೈಯನ್ನು ಸರಿಸಿ, ಇನ್ನೊಂದು ಮುದ್ದೆ ಇಟ್ಟಳು.