ಬಿನುಕಾವ್ ದ್ವೀಪದ ಮತಪೆಟ್ಟಿಗೆ

ಪ್ರಾಂತ್ಯವನ್ನು ಎರಡು ಹೋಳು ಮಾಡಬೇಕೋ ಬೇಡವೋ ಎಂದು ಜನರನ್ನೇ ಕೇಳುವ ದಿನ ಬಂದಿತ್ತು. ಬಿನುಕಾವ್ ದ್ವೀಪದ ಮತಗಟ್ಟೆಗೆ ಅಲ್ಲಿನ ಶಾಲೆಯ ಟೀಚರ್ ಯುಲಾಲಿಯಾಳೇ ಮುಖ್ಯಸ್ಥೆ. ಬೆಳಗ್ಗೆ ಏಳರಿಂದ ಒಬ್ಬೊಬ್ಬರ ಬೆರಳಿಗೂ ಶಾಯಿ ಹಚ್ಚಿ ಚೀಟಿ ಕೊಟ್ಟಳು. ಅದರ ಮೇಲೆ ಕೈಯಾರೆ 'ಹೌದು' ಅಥವಾ 'ಬೇಡ' ಎಂದು ಬರೆಯಬೇಕು. ಬಂದವರಲ್ಲಿ ಮುಕ್ಕಾಲು ಪಾಲು ಅವಳ ಹತ್ತಿರವೇ ಅಕ್ಷರ ಕಲಿತವರು.

ಮೂರು ಗಂಟೆಗೆ ಮತದಾನ ಮುಗಿಯಿತು. ಶಾಲೆಯ ಕಿಟಕಿಗಳನ್ನೆಲ್ಲ ತೆರೆಸಿ, ಒಂದೊಂದೇ ಚೀಟಿ ಎತ್ತಿ ಹೊರಗಿನವರಿಗೂ ಕೇಳುವಂತೆ ಓದಿದಳು. ಗೋಡೆಯ ಹಾಳೆಯ ಮೇಲೆ ಗೀಟುಗಳು ಬಿದ್ದವು. ಹೌದು ತೊಂಬತ್ತೇಳು, ಬೇಡ ಇನ್ನೂರ ಹನ್ನೆರಡು. ಪ್ರಾಂತ್ಯ ಒಡೆದರೆ ದೊಡ್ಡಾಸ್ಪತ್ರೆ ಆಚೆಯ ಹೋಳಿಗೆ ಸೇರುತ್ತದೆಂಬುದು ಜನರಿಗೆ ಗೊತ್ತಿತ್ತು. ಯುಲಾಲಿಯಾ ಲೆಕ್ಕವನ್ನು ಒಂದು ಕಾಗದಕ್ಕಿಳಿಸಿ, ಚೀಟಿಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿ ಮುದ್ರೆ ಒತ್ತಿದಳು.

ದ್ವೀಪದ ಮುಖಂಡ ಕಪಿತಾನ್ ಬೆರ್ನಾಬೆಯ ಮುಖ ಸಪ್ಪಗಾಯಿತು. ಇಡೀ ದ್ವೀಪದ 'ಹೌದು' ತನ್ನ ಜೇಬಲ್ಲಿದೆ ಎಂದು ಅವನು ಗವರ್ನರರಿಗೆ ಮಾತು ಕೊಟ್ಟಿದ್ದ. ಪೆಟ್ಟಿಗೆಯನ್ನು ಅಂದೇ ಪಟ್ಟಣದ ಕಚೇರಿಗೆ ಸಾಗಿಸಬೇಕಿದ್ದದ್ದೂ ಅವನ ದೋಣಿಯಲ್ಲೇ.

"ನನ್ನ ದೋಣಿ ಎಂಜಿನ್ ಕೆಟ್ಟಿದೆ, ಮೇಡಂ. ಪೆಟ್ಟಿಗೆ ಇವತ್ತು ನನ್ನ ಆಫೀಸಲ್ಲೇ ಇರ್ಲಿ. ಬೀಗ ಹಾಕ್ತೀನಿ."

"ಬೆಳಗ್ಗೆ ಚೆನ್ನಾಗೇ ಓಡ್ತಿತ್ತಲ್ಲ, ಕಪಿತಾನ್?"

"ಎಂಜಿನ್ನು ಹೇಳಿ ಕೆಡುತ್ತಾ?"

ಒಂದು ರಾತ್ರಿ ಅವನ ಬೀಗದೊಳಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆಯನ್ನು ಎದೆಗವಚಿಕೊಂಡು, ಕಾವಲಿನ ಪೊಲೀಸನೊಂದಿಗೆ ದಡಕ್ಕೆ ನಡೆದಳು. ಅಲ್ಲಿದ್ದ ಮೀನುಗಾರರು ಅವಳ ಹಿಂದೆಯೇ ಬಂದ ಕಪಿತಾನನ ಕಡೆ ನೋಡಿ ತಲೆ ತಗ್ಗಿಸಿದರು.

ಆಗ ಬಲೆ ಹೊಲಿಯುತ್ತಿದ್ದ ಮುದುಕಿ ನಾನಾಯ್ ಸೆವೆರಾ ಎದ್ದಳು.

"ನನ್ನ ದೋಣಿ ಚಿಕ್ಕದು. ಒಳಗೆ ನುಗ್ಗೋ ನೀರನ್ನ ನೀವಿಬ್ಬರೂ ಎತ್ತಿ ಹಾಕ್ಬೇಕು. ಆಗುತ್ತಾ, ಮಗಾ?"

"ಅಜ್ಜಿ, ನೀನು 'ಹೌದು' ಅಂತ ತಾನೇ ಹಾಕಿದ್ದು?" ಎಂದ ಬೆರ್ನಾಬೆ.

"ಹೌದಪ್ಪ. ಆ ಚೀಟೀನೂ ಇದ್ರೊಳಗೇ ಇದೆ. ಯಾರೂ ತಿದ್ದೋದು ನಂಗೆ ಬೇಡ."

ತಲೆ ತಗ್ಗಿಸಿದ್ದ ಗಂಡಸರಲ್ಲಿ ಇಬ್ಬರು ನೀರಿಗಿಳಿದು ದೋಣಿ ತಳ್ಳಿದರು. ಆಮೇಲೆ ಐದಾರು ದೋಣಿಗಳು ತಾವಾಗಿ ಹಿಂದೆ ಹೊರಟವು. ಅಲೆ ದೊಡ್ಡದಿತ್ತು. ಯುಲಾಲಿಯಾ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಇನ್ನೊಂದರಲ್ಲಿ ಡಬ್ಬದಿಂದ ನೀರು ಎತ್ತಿ ಹಾಕಿದಳು. ಪೊಲೀಸ್ ವಾಂತಿ ಮಾಡಿಕೊಂಡರೂ ನೀರು ಎತ್ತುವುದನ್ನು ಬಿಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಪಟ್ಟಣದ ಕಚೇರಿಯಲ್ಲಿ ಪೆಟ್ಟಿಗೆಯ ಮುದ್ರೆಗಳನ್ನು ಮುಟ್ಟಿ ನೋಡಿದರು. ಒಂದೂ ಒಡೆದಿರಲಿಲ್ಲ. ಅಧಿಕಾರಿ ಅವಳ ಒದ್ದೆ ಕಾಗದವನ್ನು ಎರಡು ಸಲ ಓದಿ, ಅಂಕಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಹೇಳಿದರು. ಹೊರಗೆ ದೋಣಿಯವರು ಕುಣಿದಾಡಿಬಿಟ್ಟರು.

ಮೂರನೆಯ ದಿನ ಇಡೀ ಪ್ರಾಂತ್ಯದ ಫಲಿತಾಂಶ ಬಂತು: ಬೇಡ. ಪ್ರಾಂತ್ಯ ಒಂದಾಗಿಯೇ ಉಳಿಯಿತು. ಸುದ್ದಿ ಕೇಳಿದ ಸೆವೆರಾ, "ಸೋತೆ ನೋಡು," ಎನ್ನುತ್ತಾ ಯುಲಾಲಿಯಾಳ ತಟ್ಟೆಗೆ ಸುಟ್ಟ ಮೀನಿನ ದೊಡ್ಡ ತುಂಡನ್ನೇ ಹಾಕಿದಳು. ಆ ಸೋಲಿನಲ್ಲಿ ಮುದುಕಿ ಗೆದ್ದವಳಂತೆ ನಗುತ್ತಿದ್ದಳು.