ಮೂರನೇ ಮಹಡಿಯ ತಂಪು ಕೋಣೆ

ಬ್ಯಾಂಕಿನಲ್ಲಿ ನಾನು ಮ್ಯಾನೇಜರ್ ಆಗಿದ್ದೆ. ಶಾಖೆ ಮುಚ್ಚಿದ ಮೇಲೆ ಎಂಟು ತಿಂಗಳು ಹೇಗೋ ಮ್ಯಾನೇಜ್ ಮಾಡಿದೆ. ಆಮೇಲೆ ಈ ಬಂಗಲೆಯಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು, ಒಂದು ವಾರದ ಪರೀಕ್ಷೆಯ ಮೇಲೆ. ಪಾಸಾದರೆ ಮಗಳು ಕಾಲೇಜಿನಲ್ಲಿ ಉಳಿಯುತ್ತಾಳೆ. ಫೇಲಾದರೆ ಅವಳೂ ನನ್ನ ಜೊತೆ ಮನೆಯಲ್ಲಿ.

"ಎಷ್ಟು ರೂಮಿದೆ ಅಪ್ಪಾ ಅಲ್ಲಿ?" ಎಂದು ಕೇಳಿದ್ದಳು.

"ಎಣಿಸ್ತಾ ಇದ್ದೀನಿ ಕಣೆ, ಇನ್ನೂ ಮುಗಿದಿಲ್ಲ."

ಆರನೆಯ ಸಂಜೆ ಹೊರಡುವ ಮುನ್ನ ಮೊದಲ ಸಲ ಮೂರನೇ ಮಹಡಿ ಹತ್ತಿದೆ. ನರಪಿಳ್ಳೆ ಇಲ್ಲ. ಆದರೂ ಹನ್ನೊಂದು ದೀಪ, ನಾಲ್ಕು ಫ್ಯಾನು. ಮೂಲೆಯ ಗಾಜಿನ ಕೋಣೆಯಲ್ಲಿ ಗೊರಗುಟ್ಟುವ ಎಸಿ. ಒಳಗೆ ಬರೀ ಹೂಕುಂಡಗಳು. ಗಿಡಕ್ಕೂ ಎಸಿಯೇ! "ಕರೆಂಟೇನು ನಿಮ್ಮ ತಾತ ಬಿಟ್ಟುಹೋದ ಆಸ್ತೀನಾ?" ಎಂದು ಅಮ್ಮನ ಮೂಗುಧ್ವನಿಯನ್ನು ಅನುಕರಿಸುತ್ತಾ ಟಕಟಕ ಎಲ್ಲವನ್ನೂ ಆರಿಸಿದೆ. ಪುಣ್ಯ ಕಟ್ಟಿಕೊಂಡವನಂತೆ ಮನೆಗೆ ಹೋದೆ.

ಬೆಳಿಗ್ಗೆ ಗಿಡದ ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು, ಆ ವಿಭಾಗ ಮುಚ್ಚಿದ ಮೇಲೆ ಇಲ್ಲಿ ತೋಟಗಾರರು. "ಎಂ.ಎಸ್ಸಿ. ಅಂದ್ರೆ ಮಣ್ಣು, ಸಗಣಿ, ಚೀಲ" ಎಂದು ವಾರವಿಡೀ ನನ್ನನ್ನು ನಗಿಸಿದ್ದವರು ಇಂದು ನಗಲಿಲ್ಲ.

"ಎಸಿ ಆರಿಸಿದ್ಯಾರು?"

"ನಾನೇ. ಯಾಕೆ?"

"ಹಿಮದ ಗುಡ್ಡದ ಹೂವು ಸಾರ್ ಅವು. ಒಂದು ರಾತ್ರಿ ಸೆಕೆ ಸಾಕು. ನಲವತ್ತೂ ಬೆಂದುಹೋಗಿವೆ."

"ಎಷ್ಟಾಗುತ್ತೆ?"

"ನಿಮ್ಮ ಮನೆ ಮಾರಿದ್ರೆ ಅರ್ಧ ಬರುತ್ತೆ."

ನೆಟ್ಟಗೆ ಬಂಗಲೆಯ ಯಜಮಾನಿಯ ಬಳಿ ಹೋದೆ. "ಮೇಡಂ, ತಪ್ಪಾಗಿದೆ. ಎಸಿ ಆರಿಸಿದ್ದು ನಾನು. ಗಾಜಿನ ರೂಮಿನ ಗಿಡ ಎಲ್ಲಾ ಸತ್ತುಹೋದ್ವು."

ಅವರು ಮೊಬೈಲಿನಿಂದ ತಲೆ ಎತ್ತಿದರು. "ಗಾಜಿನ ರೂಮಾ? ನಮ್ಮನೇಲಾ?"

"ಮೂರನೇ ಮಹಡೀಲಿ ಮೇಡಂ."

"ಓ! ಇರಬಹುದು." ಮತ್ತೆ ಮೊಬೈಲು. "ಬಿಡಿ, ಪರವಾಗಿಲ್ಲ. ನೀವೇ ಬಂದು ಹೇಳಿದ್ರಲ್ಲ, ಇಷ್ಟ ಆಯ್ತು. ನಾಳೆಯಿಂದ ನೀವು ಪರ್ಮನೆಂಟ್."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಲು ಹಿಡಿಯಲೂ ತಯಾರಾಗಿ ಬಂದಿದ್ದೆ. ನನ್ನ ಮನೆಯಂಥ ಎರಡು ಮನೆಗಳ ಬೆಲೆ ಒಂದೇ ರಾತ್ರಿಗೆ ಸುಟ್ಟುಹೋಗಿತ್ತು. ಇವರಿಗೆ ಹೊಗೆಯೂ ತಾಗಿರಲಿಲ್ಲ.

"ಹಾಂ, ಗಿಡವೇ ಇಲ್ಲ ಅಂದ್ಮೇಲೆ ಗಿಡದವರು ಯಾಕೆ? ಇವತ್ತೇ ಕಳಿಸಿಬಿಡಿ ಅವರನ್ನ."

"ಮೇಡಂ, ಅವರದೇನೂ ತಪ್ಪಿಲ್ಲ..."

"ತಪ್ಪು ಅಂತ ಯಾರು ಹೇಳಿದ್ರು?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಮೇಲೆ ಮೇಷ್ಟ್ರು ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಒಂದೊಂದೇ ಗಿಡದ ಕಾಂಡವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದರು. "ಒಂದರಲ್ಲಿ ಹಸಿರಿದೆ ಸಾರ್! ನಿಮ್ಮ ಕೆಲಸ ಏನಾಯ್ತು?"

"ಉಳೀತು."

"ಸದ್ಯ! ಮಗಳ ಓದು ಅಂತಿದ್ರಿ." ಮುಖ ಅರಳಿತು. ಆಮೇಲೆ ನನ್ನ ಮುಖ ನೋಡಿದರು. ಕೈ ನಿಂತಿತು. "ನನ್ನದು ಹೋಯ್ತಾ?"

ನಾನು ಹೌದೆಂದು ತಲೆಯಾಡಿಸಿದೆ.

"ಆರಿಸಿದ್ದು ನೀವೇ ಅಂತ ಹೇಳಿದ್ರಾ ಅವರಿಗೆ?"

"ಮೊದಲೇ ಹೇಳಿದೆ."

"ಆದ್ರೂ?"

"ಆದ್ರೂ."

ಅವರು ಬೋರಲು ಬಿದ್ದ ಕುಂಡದ ಮೇಲೆ ಕುಸಿದರು. ಪಕ್ಕದಲ್ಲಿ ಕೂರಬೇಕು, ನಾನೂ ಬಿಟ್ಟೆ ಕೆಲಸ ಎನ್ನಬೇಕು ಎಂದುಕೊಂಡೆ. ಅಷ್ಟರಲ್ಲಿ ಕೆಳಗಿನಿಂದ ಯಜಮಾನಿ ಕೂಗಿದರು.

"ಬಂದೆ ಮೇಡಂ!" ಎಂದಿತು ನನ್ನ ಬಾಯಿ. ಕಾಲುಗಳು ಆಗಲೇ ಎರಡು ಮೆಟ್ಟಿಲು ಇಳಿದಿದ್ದವು.